ಲೆಯೊನಿದ್ ಅಜ್ಜಿಯ ವಂಶವೃಕ್ಷ

ಲೆಯೊನಿದ್ ಅಜ್ಜಿ ಮೊರದಲ್ಲಿ ಚನ್ನಂಗಿ ಕಾಳಿನ ಕಲ್ಲು ಆರಿಸುತ್ತಿದ್ದಾಗ ಮೈದುನ ಝೆರ್ವೆ ಕಾಗದದ ಸುರುಳಿ ಹಿಡಿದು ಬಂದ. ರಿಯೂನಿಯನ್ ದ್ವೀಪದ ಗುಡ್ಡದ ಮೇಲಿನ ಆ ಫ್ರೆಂಚ್ ಮನೆತನಕ್ಕೆ ಉಳಿದಿದ್ದ ಆಸ್ತಿ ಎರಡು ತುಂಡು ಹೊಲ ಮತ್ತು ಬಿಳಿ ಚರ್ಮದ ಹಮ್ಮು. ಮೊಮ್ಮಗಳು ಮರಿಲೀನ್, ಕರಾವಳಿಯ ಭಾರತ ಮೂಲದ ಹುಡುಗ ವಿರಾಪಿನ್‌ನನ್ನು ಮದುವೆಯಾಗುತ್ತೇನೆ ಎಂದಾಗ ಅಜ್ಜಿಗೆ ಆ ಹಮ್ಮಿಗೊಂದು ದಾಖಲೆ ಬೇಕೆನಿಸಿತು. ನಿವೃತ್ತ ಅಂಚೆಯವನಾದ ಝೆರ್ವೆ ಮೂರು ತಿಂಗಳು ಚರ್ಚಿನ ಹಳೆಯ ಪುಸ್ತಕಗಳನ್ನು ತಿರುವಿದ್ದ.

"ಸಿಕ್ಕಿದ್ನಾ ನಮ್ಮ ಮೂಲಪುರುಷ?"

"ಸಿಕ್ಕಿದ ಅತ್ತಿಗೆ. ಫ್ರಾನ್ಸಿಂದ ಬಂದ ಬಡಗಿ. ಹೆಂಡ್ತಿನೂ ಸಿಕ್ಕಿದ್ಲು."

"ಅವಳೂ ಅಲ್ಲಿಯವಳೇ ತಾನೆ?"

"ಗೋವೆಯವಳು. ಆಗ ಇಲ್ಲಿ ಫ್ರಾನ್ಸಿನ ಹೆಂಗಸರು ಬೆರಳೆಣಿಕೆ. ಹಡಗಲ್ಲಿ ಭಾರತದಿಂದ ಬಂದೋರ್ನೇ ಕಟ್ಕೊಂಡ್ರು. ಪಾದ್ರಿನೇ ಬರೆದಿಟ್ಟಿದಾನೆ. ಈ ಬೀಗರು ನಿಮಗೆ ಹೊಸಬರೇನಲ್ಲ ಬಿಡಿ."

ಅಜ್ಜಿ ಮೊರ ಕೆಳಗಿಟ್ಟಳು. ಇಷ್ಟು ವರ್ಷ ಗಂಡಸರನ್ನಷ್ಟೇ ಎಣಿಸಿ ವಂಶ ಶುದ್ಧವೆಂದವಳಿಗೆ, ಅವರನ್ನು ಹೆತ್ತ ಹೆಂಗಸರೂ ಇರಬೇಕೆಂಬುದು ಹೊಳೆದೇ ಇರಲಿಲ್ಲ.

"ಅವಳ ಹೆಸರು ಹೊಡ್ದಾಕು. ಮಗನಿಂದ ಶುರು ಮಾಡು."

"ಮಗ ಏನು ಮಾವಿನ ಮರದಿಂದ ಉದುರಿದ್ನಾ?"

"ಬಾಯ್ಮುಚ್ಕೊಂಡು ಹೇಳಿದಷ್ಟು ಮಾಡು."

ಝೆರ್ವೆ ಮಾಡಲಿಲ್ಲ. ಅಜ್ಜಿ ತಾನೇ ಕತ್ತರಿ ತಂದು ಹಾಳೆಯ ಮೇಲ್ತುದಿಯ ಮೊದಲ ಸಾಲನ್ನು ಕತ್ತರಿಸಿ ಒಲೆಗೆ ಹಾಕಿದಳು. ಗೋವೆಯವಳ ಜೊತೆಗೆ, ಅದೇ ಸಾಲಿನಲ್ಲಿದ್ದ ಫ್ರಾನ್ಸಿನ ಬಡಗಿಯೂ ಸುಟ್ಟುಹೋದ. ಉಳಿದದ್ದಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾಳೆ.

ಶನಿವಾರದ ಮದುವೆಗೆ ಅವಳು ಹೋಗುವುದಿಲ್ಲ. ಹುಡುಗಿಯ ಕಡೆಯಿಂದ ಝೆರ್ವೆ ಸಾಕ್ಷಿ ಸಹಿ ಹಾಕುತ್ತಾನೆ.