ಎಂಬತ್ತೆಂಟು ಎಂದು ಬರೆದ ಗಾಳಿ

ಗುಲಾಬಿಯಕ್ಕ, ಆ ದಿನದ ಗಾಳಿಯ ಲೆಕ್ಕ ಸುಳ್ಳು. ಬರೆದವನು ನಾನು.

ತೊಂಬತ್ತರ ದಶಕದ ಕೊನೆ. ಗಂಗೊಳ್ಳಿ ಬಂದರಿನ ಹತ್ತಿರ ನಮ್ಮ ಹವಾಮಾನ ಕಚೇರಿಯ ತಾರಸಿಯ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರವಿತ್ತು—ಮೂರು ಬಟ್ಟಲು ಗಿರಗಿರನೆ ತಿರುಗುವಂಥದ್ದು. ನೋಡಿ ಬರೆಯುವುದು ನನ್ನ ಕೆಲಸ. ಚಂಡಮಾರುತದ ಆ ಮಧ್ಯಾಹ್ನ ಮುಳ್ಳು ಗಂಟೆಗೆ ಎಂಬತ್ತೆಂಟು ಕಿಲೋಮೀಟರ್ ತೋರಿಸಿತು. ಮರುಕ್ಷಣ ಬಟ್ಟಲುಗಳೇ ಕಿತ್ತುಹೋದವು. ಆಮೇಲೂ ಒಂದು ತಾಸು ಗಾಳಿ ಏರುತ್ತಲೇ ಇತ್ತು. ದಂಡೆಗೆ ಎಳೆದಿಟ್ಟ ದೋಣಿ ಮಗುಚಿದ್ದು ಆಮೇಲೆಯೇ—ನಾನೇ ಕಂಡೆ.

ಮರುದಿನ, ದಂಡೆಯಲ್ಲಿ ಮೀನು ಒಣಗಿಸುವ ನೀವು, ಕೆಸರಲ್ಲಿ ಸಿಕ್ಕ ಒಂದು ಬಟ್ಟಲು ತಂದುಕೊಟ್ಟಿರಿ. "ಹ್ವಾಯ್, ಅಳತಿ ಬಟ್ಲನ್ನೇ ಗಾಳಿ ಹೊತ್ಕಂಡ್ ಹೋಯ್ತ್. ಇನ್ನೆಂತ ಬರಿತ್ರಿ ಮಾರಾಯ್ರೆ?"

ನಾನು ನಕ್ಕೆ. ಬರೆಯಬೇಕಾದದ್ದು ಇಷ್ಟೇ: ಯಂತ್ರ ಮುರಿದಿದೆ, ಗಾಳಿ ಇದಕ್ಕಿಂತ ಹೆಚ್ಚಿತ್ತು, ಎಷ್ಟೆಂದು ಗೊತ್ತಿಲ್ಲ. ಕಾಲಂ ಖಾಲಿ ಬಿಡಬೇಡ ಎಂದು ಮೇಲಿನವರು ಫೋನಿನಲ್ಲಿ ಹೇಳಿದರು. ಬಿಡಲಿಲ್ಲ. 'ದಿನದ ಅತಿ ಹೆಚ್ಚು ವೇಗ: ಎಂಬತ್ತೆಂಟು.'

ಕೆಲವು ವರ್ಷಗಳ ಮೇಲೆ, ಪ್ರತಿ ವರ್ಷದ ಅತಿ ಹೆಚ್ಚು ವೇಗವನ್ನು ಜೋಡಿಸಿ, ಮುಂದಿನ ಐವತ್ತು ವರ್ಷದಲ್ಲಿ ಇಲ್ಲಿಗೆ ಎಂಥ ಗಾಳಿ ಬಂದೀತು ಎಂದು ಅಂದಾಜು ಮಾಡಿದರು. ಆ ಪಟ್ಟಿಯನ್ನು ಟೈಪು ಮಾಡಿದವನೂ ನಾನೇ. ನನ್ನ ಎಂಬತ್ತೆಂಟು ಉಳಿದ ಅಂಕಿಗಳ ನಡುವೆ ಎಷ್ಟು ಸಭ್ಯವಾಗಿ ಕೂತಿತ್ತು. ಕೈ ಒಂದು ಕ್ಷಣ ನಿಂತಿತು—ಆಮೇಲೆ ಮುಂದಿನ ಸಾಲು ಟೈಪು ಮಾಡಿದೆ. ಆ ಅಂದಾಜನ್ನೇ ನಂಬಿ ನಿಮ್ಮ ಮೀನು ಒಣಗಿಸುವ ಶೆಡ್ಡಿಗೆ ತಗಡಿನ ಮಾಡು ಹೊದಿಸಿ, ಅಷ್ಟೇ ಗಾಳಿ ತಡೆಯುವಂಥ ಬೋಲ್ಟು ಬಿಗಿದರು.

ಇನ್ನೊಂದು ಚಂಡಮಾರುತಕ್ಕೆ ಆ ಮಾಡು ಹಾರಿತು. ತಗಡು ನಿಮ್ಮ ಬಲಗೈಯನ್ನು—

ವರದಿಯಲ್ಲಿ 'ಅನಿರೀಕ್ಷಿತ ಗಾಳಿ' ಎಂದು ಬರೆದರು. ಆ ಪದ ಕಂಡಾಗಲೆಲ್ಲ ಕಾಗದ ಹರಿದು ಎಸೆಯುವಷ್ಟು ಸಿಟ್ಟು ಬರುತ್ತದೆ. ಅನಿರೀಕ್ಷಿತವಂತೆ. ಅಂಥ ಗಾಳಿ ಒಮ್ಮೆ ನಮ್ಮ ಕಣ್ಣೆದುರೇ ಬಂದು ಹೋಗಿತ್ತು. ಬಂದೇ ಇಲ್ಲ ಎಂದು ನಾನು ಮಾಡಿಟ್ಟಿದ್ದೆ.

ಆಸ್ಪತ್ರೆಯಲ್ಲಿ ನೀವು ಕೇಳಿದ್ದು ಒಂದೇ ಮಾತು: "ಆ ದಿವ್ಸ ಎಷ್ಟಂತ ಬರ್ದಿರಿ?"

ನೆನಪಿಲ್ಲ ಎಂದೆ. ಅದು ಎರಡನೆಯ ಸುಳ್ಳು.

ಈಗ ಹೊಸ ಮಾಡಿನ ನಕ್ಷೆ ಬಂದಿದೆ—ಅದೇ ಅಂದಾಜು, ಅದೇ ಬೋಲ್ಟು. ಸೋಮವಾರ ಶೆಡ್ಡಿನಲ್ಲಿ ಸಭೆ. ಇಷ್ಟು ವರ್ಷ ಮೇಜಿನೊಳಗಿಟ್ಟ ಆ ಬಟ್ಟಲು ಹಿಡಿದುಕೊಂಡು ಬರುತ್ತೇನೆ. ಈ ಕಾಗದವನ್ನು ನಕ್ಷೆ ತಂದವರ ಎದುರು ಓದುತ್ತೇನೆ. ನೀವು ಮುಂದೆ ಕೂತಿರಿ, ಗುಲಾಬಿಯಕ್ಕ. ಎಷ್ಟೆಂದು ಬರೆದೆ ಅಂತ ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಕೇಳಿ.