ಡಿಕ್ಕಿ ತೆಗೆದು ನೋಡದ ಮೇಷ್ಟ್ರು

ನಮ್ಮ ಮಾವನವರು ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದವರು. ಉಳಿದರ್ಧ ಊರು ಅವರ ಹತ್ತಿರ ಬೈಸಿಕೊಂಡು ನಡುವೆಯೇ ಬಿಟ್ಟುಹೋಗಿತ್ತು. ಬೇರೆ ಡ್ರೈವಿಂಗ್ ಶಾಲೆಗಳಲ್ಲಿ ಮೊದಲ ದಿನವೇ ಸ್ಟೀರಿಂಗ್ ಹಿಡಿಸಿ, ಮೈದಾನದಲ್ಲಿ ಒಂದು ಸುತ್ತು ಹಾಕಿಸಿ, ಕಲಿಯಲು ಬಂದವರನ್ನು ನಗುನಗುತ್ತಾ ಕಳಿಸುತ್ತಾರೆ. ಮಾವ ಹಾಗಲ್ಲ. ಮೊದಲ ದಿನ ಕಾರಿನ ಹಿಂದೆ ನಿಲ್ಲಿಸುತ್ತಿದ್ದರು. ಡಿಕ್ಕಿ ತೆಗೆಸಿ, ಅದರ ಹಾಸು ಎತ್ತಿಸಿ, ಅಡಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನು ಹೆಬ್ಬೆರಳಲ್ಲಿ ಒತ್ತಿಸಿ, ಗಾಳಿ ಇದೆಯೋ ಇಲ್ಲವೋ ಹೇಳಿಸುತ್ತಿದ್ದರು. ಆಮೇಲೆ ಜಾಕ್ ಏರಿಸಿ ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಿ ತೋರಿಸಿದವರಿಗಷ್ಟೇ ಮುಂದಿನ ಸೀಟು. "ಮುಂದೆ ಕೂರೋಕೆ ಮುಂಚೆ ಹಿಂದೆ ಏನಿದೆ ನೋಡ್ಬೇಕು" ಅನ್ನುವುದು ಅವರ ಮಂತ್ರ. ಸೊಸೆಯಾಗಿ ಬಂದ ಹೊಸದರಲ್ಲಿ ನನ್ನನ್ನೂ ಬಿಡಲಿಲ್ಲ. ಕೈಯ ಗ್ರೀಸ್ ತೊಳೆದುಕೊಳ್ಳುತ್ತಾ ನಾನು ಅತ್ತೆಯ ಹತ್ತಿರ ಗೊಣಗಿದರೆ, "ನಾನು ಅದಕ್ಕೇ ಕಲೀಲಿಲ್ಲ ಕಣೇ" ಅಂದಿದ್ದರು ಅವರು.

ಬೆನ್ನ ಹಿಂದೆ ಎಲ್ಲರೂ ಸ್ಟೆಪ್ನಿ ಮೇಷ್ಟ್ರು ಅನ್ನುತ್ತಿದ್ದರು. ಮಾವನಿಗೂ ಅದು ಗೊತ್ತಿತ್ತು, ಒಳಗೊಳಗೇ ಹಿಗ್ಗೂ ಇತ್ತು. ಯಾರಾದರೂ ಹಳೆ ಕಾರು ಕೊಳ್ಳುವಾಗ ಇವರನ್ನು ಕರೆದುಕೊಂಡು ಹೋಗುತ್ತಿದ್ದರು. ಇವರು ಎಂಜಿನ್ ಕಡೆ ತಿರುಗಿಯೂ ನೋಡದೆ ನೇರ ಡಿಕ್ಕಿಗೆ ಹೋಗುತ್ತಿದ್ದರು. ಸ್ಟೆಪ್ನಿ ಚೆನ್ನಾಗಿ ಇಟ್ಟುಕೊಂಡವನು ಗಾಡಿಯನ್ನೂ ಚೆನ್ನಾಗಿ ಇಟ್ಟುಕೊಂಡಿರುತ್ತಾನೆ ಎಂಬುದು ಅವರ ಲೆಕ್ಕಾಚಾರ. "ಮೇಷ್ಟ್ರು ನೋಡಿದಾರೆ" ಅಂದರೆ ಮುಗಿಯಿತು, ಮರುಮಾತಿಲ್ಲ.

ಅಂಥವರು ಜೀವಮಾನವೆಲ್ಲ ಶಾಲೆಯ ಕಾರುಗಳನ್ನೇ ಓಡಿಸಿದ್ದು. ನಿವೃತ್ತಿಯಾದ ಮೇಲೆ ನನ್ನ ಗಂಡನೂ ಅವರೂ ಸೇರಿ ಒಂದು ಹೊಸ ಕಾರು ತೆಗೆದುಕೊಳ್ಳುವುದೆಂದಾಯಿತು. ಕಾರು ತರಲು ಶೋರೂಮಿಗೆ ಹೋದದ್ದು ನಾನು ಮತ್ತು ಮಾವ. ಅಲ್ಲಿ ಕೀಲಿ ಕೊಡುವ ಹುಡುಗಿ ಇವರದೇ ಶಿಷ್ಯೆ. ಇವರನ್ನು ಕಂಡಿದ್ದೇ ಅವಳ ಮುಖ ಅರಳಿತು. "ನಮ್ಮ ಸರ್, ನಮ್ಮ ಸರ್" ಅಂತ ಎಲ್ಲರಿಗೂ ಪರಿಚಯಿಸಿದಳು. ಮ್ಯಾನೇಜರ್ ಕೈ ಕುಲುಕಿದರು. ಹೂಗುಚ್ಛ ಕೊಟ್ಟು, ಬಾನೆಟ್ ಮೇಲೆ ಕೈ ಇಡಿಸಿ, ಫೋಟೋ ತೆಗೆದರು. ಮಾವ ಕತ್ತು ನೆಟ್ಟಗೆ ಮಾಡಿ ನಿಂತಿದ್ದ ಠೀವಿ ನೋಡಿದರೆ ಕಾರನ್ನು ಅವರೇ ತಯಾರು ಮಾಡಿದ್ದಾರೆ ಅನ್ನಬೇಕು.

ಮ್ಯಾನೇಜರ್ ತಮ್ಮ ಕೋಣೆಗೆ ಹೋದ ಮೇಲೆ ಹುಡುಗಿ ಕಾರಿನ ಒಂದೊಂದೇ ಗುಂಡಿ ತೋರಿಸಿ ವಿವರಿಸತೊಡಗಿದಳು. ಮಾವ ನಸುನಗುತ್ತಾ ಕೇಳಿದರು. ಕೊನೆಗೆ ಅವಳು ಹಿಂದಕ್ಕೆ ನಡೆದು, "ಸರ್, ಡಿಕ್ಕಿಯಲ್ಲಿ ಒಂದು ವಿಷಯ ಹೇಳ್ಬೇಕು, ಇದರಲ್ಲಿ..." ಅಂದಳು.

"ಡಿಕ್ಕಿ ವಿಷಯ ನನಗೆ ಹೇಳ್ಕೊಡ್ತೀಯೇನಮ್ಮಾ? ನಿನಗೆ ಡಿಕ್ಕಿ ತೆಗೆಯೋದು ಕಲಿಸಿದ್ದು ಯಾರು?" ಅಂದರು ಮಾವ.

ಕಾರು ನೋಡಲು ಬಂದಿದ್ದ ಒಂದಿಬ್ಬರು ಗಿರಾಕಿಗಳು ನಕ್ಕರು. ಹುಡುಗಿಯೂ ನಕ್ಕಳು. "ಅಲ್ಲ ಸರ್, ಇದೊಂದು..." ಎಂದು ಮತ್ತೆ ಬಾಯಿ ತೆರೆದಳು. ಮಾವ ಕೈ ಚಾಚಿ ಅವಳ ಅಂಗೈಯಿಂದ ಕೀಲಿ ತೆಗೆದುಕೊಂಡೇಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ಕಂಡದ್ದು. ಊರಿಗೆಲ್ಲ ಹಿಂದೆ ನೋಡು ಎಂದವರು ತಮ್ಮ ಸ್ವಂತ ಕಾರಿನ ಹಿಂದೆ ನೋಡದೆ ಮುಂದೆ ಕೂತರು. ಮೇಷ್ಟ್ರುಗಳೇ ಹಾಗೆ, ಶಿಷ್ಯರು ಹೇಳಿಕೊಡುವುದು ಏನೂ ಇರುವುದಿಲ್ಲ ಎಂದುಕೊಂಡಿರುತ್ತಾರೆ.

ಮನೆ ಮುಂದೆ ಕಾರು ನಿಂತಿದ್ದೇ ತಡ, ಎದುರುಮನೆಯ ಪೋಸ್ಟ್‌ಮಾಸ್ಟರು ನೋಡಲು ಬಂದರು. ಇವರಿಬ್ಬರೂ ನಿವೃತ್ತರು, ಹಾಗಾಗಿ ಒಬ್ಬರ ಮನೆಯಲ್ಲಿ ಸೂಜಿ ಬಿದ್ದರೂ ಇನ್ನೊಬ್ಬರಿಗೆ ಕೇಳಿಸುತ್ತದೆ. "ಎಲ್ಲಿ ಮೇಷ್ಟ್ರೇ, ನಿಮ್ಮ ಮೊದಲ ಪಾಠ ಆಗ್ಲಿ" ಅಂದರು ಅವರು. ಮಾವ ಗತ್ತಿನಿಂದ ಡಿಕ್ಕಿ ತೆಗೆದರು, ಹಾಸು ಎತ್ತಿದರು, ಹೆಬ್ಬೆರಳು ಚಾಚಿದರು. ಒತ್ತಲು ಏನೂ ಇರಲಿಲ್ಲ. ಚಕ್ರದ ಜಾಗದಲ್ಲಿ ಒಂದು ಪುಟ್ಟ ಪಂಪು ಮತ್ತು ಅಂಟಿನಂಥದ್ದು ತುಂಬಿದ ಒಂದು ಬಾಟಲಿ ಇದ್ದವು.

ಆಗ ಅವರ ಮುಖ ಹೇಗಾಯಿತೆಂದರೆ, ನನಗೇ ತಲೆ ತಗ್ಗಿಸುವಂತಾಯಿತು. ಕಿವಿಯ ತುದಿ ಕೆಂಪಗಾಗಿತ್ತು. ಪೋಸ್ಟ್‌ಮಾಸ್ಟರು ಬಗ್ಗಿ ನೋಡಿ, "ಸ್ಟೆಪ್ನಿ ಎಲ್ರೀ? ನೀವು ನೋಡದೆ ತಂದ್ರಾ?" ಎಂದು ಕೇಳಿದರು. ನಕ್ಕು, ಹೌದು ಕಣಯ್ಯಾ, ಫೋಟೋ ಗಡಿಬಿಡಿಯಲ್ಲಿ ಮರೆತೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾವನ ಬಾಯಿಂದ ಬಂದದ್ದು ಬೇರೆ.

"ಆ ಹುಡುಗಿ ಹೇಳಲೇ ಇಲ್ಲ. ಮೋಸ ಮಾಡಿದಾಳೆ."

ಅಷ್ಟಕ್ಕೇ ನಿಲ್ಲಲಿಲ್ಲ. ಪೋಸ್ಟ್‌ಮಾಸ್ಟರ ಎದುರಿಗೇ ಶೋರೂಮಿಗೆ ಫೋನ್ ಮಾಡಿ ಮ್ಯಾನೇಜರಿಗೆ ಗದರಿದರು. ಎದುರುಮನೆಯವರು ಆ ಕಡೆ ಹೋದ ಮೇಲೆ ನಾನು ತಡೆಯಲಾರದೆ ಅಂದೆ: "ಮಾವ, ಅವಳು ಹೇಳೋಕೆ ಬಂದಳು. ನೀವೇ ಬಾಯಿ ಮುಚ್ಚಿಸಿದ್ರಿ."

"ಹೇಳೋಕೆ ಬಂದಳು. ಹೇಳಲಿಲ್ಲವಲ್ಲ" ಅಂದು ಒಳಗೆ ಹೋದರು.

ಸಂಜೆ ಕಾರಿನ ಜೊತೆ ಕೊಟ್ಟ ಪುಸ್ತಿಕೆ ಹಿಡಿದು ಕೂತಿದ್ದರು. ಆ ಮಾದರಿಗೆ ಕಂಪನಿಯವರು ಸ್ಟೆಪ್ನಿ ಕೊಡುವುದೇ ಇಲ್ಲ, ಪಂಕ್ಚರ್ ಆದರೆ ಬಾಟಲಿಯ ಅಂಟನ್ನು ಟೈರಿಗೆ ಹಾಕಿ ಪಂಪಿನಿಂದ ಗಾಳಿ ತುಂಬಿಕೊಂಡು ಅಂಗಡಿ ಮುಟ್ಟಬೇಕು ಎಂದು ಅದರಲ್ಲಿ ದಪ್ಪಕ್ಷರದಲ್ಲೇ ಬರೆದಿತ್ತು. ಓದಿ ಮಡಿಚಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆಯೇ ಇದೆಯಲ್ಲ. ಆದರೂ ಆ ಸಂಜೆಯೇ ಇನ್ನೊಂದು ಫೋನ್ ಮಾಡಿದ್ದರೆ ಇವರ ಮುತ್ತು ಒಡೆಯುತ್ತಿರಲಿಲ್ಲ. ಮಾಡಲಿಲ್ಲ. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಊರು ನಮ್ಮದು. ಎರಡು ದಿನ ಬಿಟ್ಟು ತರಕಾರಿ ಅಂಗಡಿಯಲ್ಲಿ ನನಗೆ ಸುದ್ದಿ ಸಿಕ್ಕುವ ಹೊತ್ತಿಗೆ, ಶೋರೂಮಿನ ಹುಡುಗಿ ಮೇಷ್ಟ್ರ ಸ್ಟೆಪ್ನಿ ಮಾರಿಕೊಂಡಳಂತೆ ಎಂದಾಗಿತ್ತು. ಊಟಕ್ಕೆ ಬಡಿಸುತ್ತಾ ಅದನ್ನು ಮಾವನ ಕಿವಿಗೆ ಹಾಕಿದೆ. ತುತ್ತು ಕೈಯಲ್ಲೇ ನಿಂತಿತು.

"ನಾನು ಮಾರ್ಕೊಂಡ್ಳು ಅಂದ್ನಾ? ಹೇಳಲಿಲ್ಲ ಅಂದೆ, ಅಷ್ಟೆ."

ಅತ್ತೆ ಒಂದೇ ಮಾತು ಅಂದರು. "ನೀವು ಅಷ್ಟೆ ಅಂದಿದ್ದು ಅವಳಿಗೆ ಎಷ್ಟಾಯ್ತೋ."

ಮಾರನೆಯ ದಿನ ಮಾವ ನನಗೆ ಕಾರು ತೆಗೆಯಲು ಹೇಳಿದರು. ಶೋರೂಮಿಗೆ ಇರಬಹುದು ಎಂದು ನಾನು ಖುಷಿಪಟ್ಟೆ. ಅಲ್ಲ. ಒಂದು ಸ್ಟೆಪ್ನಿ ಕೊಂಡು ಖಾಲಿ ಜಾಗ ತುಂಬಿಸಿ, ಶೋರೂಮಿನವರು ಕಳಿಸಿದರು ಎಂದು ಪೋಸ್ಟ್‌ಮಾಸ್ಟರಿಗೆ ಹೇಳಿದರೆ ವಿಷಯ ತಣ್ಣಗಾಗುತ್ತದೆ ಅನ್ನುವುದು ಅವರ ಯೋಜನೆ. ಊರಿನ ಟೈರ್ ಅಂಗಡಿಗೆ ಹೋಗುವಂತಿಲ್ಲ, ಅಲ್ಲಿಯವರೂ ಶಿಷ್ಯರೇ. ಹೆದ್ದಾರಿಯ ಆಚೆ ಗುಜರಿ ಅಂಗಡಿಗಳ ಸಾಲಿಗೆ ಹೋದೆವು.

ಮೊದಲ ಅಂಗಡಿಯಲ್ಲಿ ಒಂದು ಕಬ್ಬಿಣದ ರಿಮ್ ತೆಗೆದು ತೋರಿಸಿದರು. ಬೋಲ್ಟಿನ ತೂತುಗಳು ಸರಿಯಿದ್ದವು. ಆದರೆ ಇಟ್ಟು ನೋಡಿದರೆ ನಡುವಿನ ದೊಡ್ಡ ತೂತು ನಮ್ಮ ಕಾರಿನಲ್ಲಿ ಚಕ್ರ ಕೂರುವ ಹಬ್‌ಗಿಂತ ಒಂದು ಕೂದಲೆಳೆ ಚಿಕ್ಕದು, ಒಳಗೆ ಕೂರಲೇ ಇಲ್ಲ. ಎರಡನೆಯ ಅಂಗಡಿಯಲ್ಲಿ ಕಾರಿಗಿರುವ ಚಕ್ರದಷ್ಟೇ ದಪ್ಪದ್ದು ಸಿಕ್ಕಿತು. ಅದು ಹಬ್ ಮೇಲೆ ಕೂತಿತು, ಡಿಕ್ಕಿಯ ಗುಂಡಿಯಲ್ಲಿ ಕೂರಲಿಲ್ಲ. ಹಾಸು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿ ನಿಂತಿತು. ಮಾವ ಅದರ ಮೇಲೆ ಕೈ ಊರಿ ಒತ್ತಿ ಒತ್ತಿ ನೋಡಿದರು. ಯಾವಾಗಲೂ ಪೂರ್ಣ ಸೈಜಿನ ಸ್ಟೆಪ್ನಿಯೇ ಬೇಕು, ಸಪೂರ ಚಕ್ರ ಸೈಕಲ್ಲಿಗೆ ಲಾಯಕ್ಕು ಎಂದು ತರಗತಿಯಲ್ಲಿ ಹೇಳುತ್ತಿದ್ದ ಮನುಷ್ಯ ಕೊನೆಗೆ ಸಣ್ಣ ದನಿಯಲ್ಲಿ, "ಸಪೂರದ್ದು ಇದ್ರೆ ನೋಡೋಣಮ್ಮ" ಅಂದರು.

ಮೂರನೆಯ ಅಂಗಡಿಯಾತ ಕಾರಿನ ಹೆಸರು ಕೇಳಿದ್ದೇ, "ಯಾಕೆ ಸರ್, ಸ್ಟೆಪ್ನಿ ಇಲ್ಲ ಅಂತ ಹೇಳ್ದೆ ಮಾರಿದ್ರಾ?" ಅಂದ. ಸುಮ್ಮನೆ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಾವ ಬೆಚ್ಚಿ, "ಇಲ್ಲ ಇಲ್ಲ, ಹಾಗೇನಿಲ್ಲ" ಅಂದರು.

"ಅದಕ್ಕೆ ಸರಿಹೋಗೋ ಸಪೂರ ಚಕ್ರ ಒಂದೇ ಒಂದು ಇದೆ ಸರ್. ಆದ್ರೆ ಅದನ್ನ ಕೊಡೋ ಹಾಗಿಲ್ಲ" ಎಂದು ಗೋಡೆಯ ಕಡೆ ತೋರಿಸಿದ. ಹೊಸದರಂತೆ ಒರೆಸಿಟ್ಟ ಚಕ್ರ, ಬೇರೆಯೇ ಇಟ್ಟಿತ್ತು. "ಶೋರೂಮಿನ ಹುಡುಗಿಯೊಬ್ಬಳು ಹೇಳಿಟ್ಟಿದಾಳೆ. ಪಾಪ, ಈ ಸಾಲಿನ ಎಲ್ಲ ಅಂಗಡಿ ಸುತ್ತಿದಾಳೆ. ಯಾರೋ ದೊಡ್ಡ ಮನುಷ್ಯರು ದೂರು ಕೊಟ್ರಂತೆ. ಕೈಯಿಂದ ಹಾಕಿ ಚಕ್ರ ತಂದ್ಕೊಡು ಅಂತ ಮ್ಯಾನೇಜರ್ ಹೇಳಿದಾರಂತೆ. ಅವಳನ್ನ ಕೌಂಟರಿಂದ ತೆಗೆದು ಹಿಂದೆ ಕಾರು ತೊಳೆಯೋ ಕಡೆ ಹಾಕಿದಾರೆ. ಗಾಳಿ ಇದೆಯಾ ಅಂತ ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿ ಹೋದ್ಳು."

ಮಾವ ಆ ಚಕ್ರದ ಹತ್ತಿರ ಹೋಗಲಿಲ್ಲ. ಅಂಗಡಿಯ ಮುಂದೆ ಪೇರಿಸಿಟ್ಟ ಹಳೇ ಟೈರುಗಳ ಮೇಲೆ ಕುಸಿದು ಕೂತರು. ನನಗೆ ಅವರ ಮೇಲೆ ಎಷ್ಟು ಸಿಟ್ಟಿತ್ತೋ ಆಗ ಅಷ್ಟೇ ಕನಿಕರವೂ ಆಯಿತು. "ಆ ದೊಡ್ಡ ಮನುಷ್ಯ ನಾನೇ ಕಣಪ್ಪಾ" ಅಂದರು ಅಂಗಡಿಯವನಿಗೆ. ಮಾವನೇ ದುಡ್ಡು ಕೊಟ್ಟು, ಹುಡುಗಿಗೆ ಬರಬೇಡ ಎಂದು ತಿಳಿಸಲು ಹೇಳಿ, ಚಕ್ರವನ್ನು ತಾವೇ ಎತ್ತಿ ಡಿಕ್ಕಿಯಲ್ಲಿ ಇಟ್ಟರು. ದಾರಿಯುದ್ದಕ್ಕೂ ಒಂದೇ ಸಮ ಅನ್ನುತ್ತಿದ್ದರು: "ನಾಚಿಕೆಯಾಗ್ತಿದೆ ಕಣಮ್ಮಾ. ಎಲ್ಲರ ಮುಂದೆ ಹೇಳ್ಬಿಡ್ತೀನಿ. ಎಲ್ಲರ ಮುಂದೆ."

ಶೋರೂಮಿನಲ್ಲಿ ಗಿರಾಕಿಗಳು ತುಂಬಿದ್ದರು. ಅದೇ ಬೇಕಾಗಿತ್ತು ಅವರಿಗೆ. ನಟ್ಟನಡುವೆ ನಿಂತು, ಪಾಠ ಹೇಳುವ ದನಿಯಲ್ಲೇ ಹೇಳಿದರು.

"ಮ್ಯಾನೇಜರೇ, ಆ ಹುಡುಗಿದು ಏನೂ ತಪ್ಪಿಲ್ಲ. ಅವಳು ಹೇಳೋಕೆ ಬಂದಳು, ನಾನೇ ಹೇಳಗೊಡಲಿಲ್ಲ. ಡಿಕ್ಕಿ ತೆಗೆದು ನೋಡದೆ ಗಾಡಿ ತಗೊಂಡೆ. ಆಮೇಲೆ ಮರ್ಯಾದೆ ಹೋಗುತ್ತೆ ಅಂತ ಅವಳ ಮೇಲೆ ಹಾಕಿದೆ."

ಮ್ಯಾನೇಜರ್ ಎದ್ದು ಬಂದು ಮಾವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಸರ್, ನಿಮ್ಮಂಥವರು ಈಗ ಎಲ್ಲಿದಾರೆ. ಶಿಷ್ಯೆಯ ಕೆಲಸ ಉಳಿಸೋಕೆ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದೀರಿ."

"ಅಯ್ಯೋ, ನಿಜವಾಗ್ಲೂ ರೀ. ನಾನು ನೋಡಲಿಲ್ಲ."

"ಸ್ಟೆಪ್ನಿ ನೋಡದೆ ನೀವು ಗಾಡಿ ತಗೋತೀರಾ? ನನ್ನ ಹೆಂಡತಿ ನಿಮ್ಮ ಹತ್ರಾನೇ ಕಲಿತಿದ್ದು ಸರ್." ಸುತ್ತಲಿದ್ದವರು ತಲೆದೂಗಿದರು. ಇಬ್ಬರು ಹಳೆ ಶಿಷ್ಯರು ಮುಂದೆ ಬಂದು ನಮಸ್ಕಾರ ಮಾಡಿದರು.

ನನಗೆ ಮೈಯೆಲ್ಲ ಉರಿಯಿತು. "ನಾನು ಅಲ್ಲೇ ಇದ್ದೆ. ಮಾವ ಹೇಳ್ತಿರೋದು ನಿಜ" ಎಂದು ಗಂಟಲು ಏರಿಸಿ ಹೇಳಿದೆ. ಮ್ಯಾನೇಜರ್ ನನ್ನ ಕಡೆ ಪ್ರೀತಿಯಿಂದ ನೋಡಿದರು. "ಎಂಥಾ ಸೊಸೆ ಸರ್ ನಿಮ್ಮದು. ಮಾವನ ಮಾತು ಮೀರಲ್ಲ."

ಹುಡುಗಿಯನ್ನು ಒಳಗಿಂದ ಕರೆಸಿದರು. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿದ್ದಳು, ಕೈ ನೀರಲ್ಲಿ ನೆನೆದು ಸುಕ್ಕಾಗಿತ್ತು. "ನೋಡಮ್ಮ, ಸರ್ ದೊಡ್ಡ ಮನಸ್ಸು ಮಾಡಿದಾರೆ. ಅವರ ಮುಖ ನೋಡಿ ನಿನ್ನನ್ನ ಕ್ಷಮಿಸಿದೀನಿ. ನಾಳೆಯಿಂದ ಕೌಂಟರಿಗೆ ಬಾ. ಇನ್ನೊಂದು ಸಲ ಹೀಗೆ ಮಾಡ್ಬೇಡ" ಅಂದರು ಮ್ಯಾನೇಜರ್.

ಮಾವ ಅವಳ ಮುಂದೆ ಹೋಗಿ ನಿಂತರು. "ನಾನು ಹೇಳಿದೆ ಕಣಮ್ಮಾ. ಇದ್ದದ್ದು ಇದ್ದ ಹಾಗೇ ಹೇಳಿದೆ. ಇವರು ಯಾರೂ ನಂಬ್ತಿಲ್ಲ."

"ಗೊತ್ತು ಸರ್" ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಾನು ಹೇಳಿದಾಗಲೂ ನಂಬಲಿಲ್ಲ. ಮೇಷ್ಟ್ರು ನೋಡದೆ ತಗೋತಾರಾ ಅಂತ ನಮ್ಮಮ್ಮಾನೇ ಕೇಳಿದ್ಳು. ಕೇಳಿ ಕೇಳಿ, ನಾನೇ ನಿಮಗೆ ಹೇಳೋಕೆ ಬಂದಿರಲಿಲ್ವೇನೋ ಅಂತ ನನಗೇ ಅನ್ಸೋಕೆ ಶುರುವಾಗಿತ್ತು."

ಮಾವ ಏನೋ ಹೇಳಲು ಹೋದರು. ಅಷ್ಟರಲ್ಲಿ ಮ್ಯಾನೇಜರ್, ಸರ್ ಜೊತೆ ಒಂದು ಫೋಟೋ ಆಗಲಿ ಎಂದು ಎಲ್ಲರನ್ನೂ ಕರೆದರು, ಹುಡುಗಿಯನ್ನೂ ಪಕ್ಕದಲ್ಲಿ ನಿಲ್ಲಿಸಿದರು.