ಗಾಜಿನಾಚೆಗೆ ತೋರಿಸಿದ ಹೆಬ್ಬೆರಳು

ಮಕ್ಕಳ ವಾರ್ಡಿನಲ್ಲಿ ಅವಳಿಗೆ ಮೂಗಿನಕ್ಕ ಎಂದೇ ಹೆಸರು. ಇಪ್ಪತ್ತು ವರ್ಷದಿಂದ ನರ್ಸು. ಮಹಾಮಾರಿ ಬಂದ ಮೇಲೆ ಉದ್ದನೆಯ ಹತ್ತಿಕಡ್ಡಿಯನ್ನು ಮಕ್ಕಳ ಮೂಗಿಗೆ ಹಾಕಿ ತೆಗೆಯುವುದೇ ಅವಳ ಕೆಲಸವಾಗಿಬಿಟ್ಟಿತ್ತು. "ಮೂರು ಎಣಿಸ್ತೀನಿ, ಅಷ್ಟೇ" ಎಂದು ನಂಬಿಸಿ ಎರಡಕ್ಕೇ ಕಡ್ಡಿ ಎಳೆದುಬಿಡುತ್ತಿದ್ದಳು. ಮಕ್ಕಳು ಅಳುವುದನ್ನೂ ಮರೆತು ಕಣ್ಣುಕಣ್ಣು ಬಿಡುತ್ತಿದ್ದವು.

ಹೆತ್ತವರು ಗಾಜಿನ ಬಾಗಿಲಿನ ಆಚೆ ನಿಲ್ಲಬೇಕಿತ್ತು. ಕೂಗಿದರೂ ಕೇಳದು. ಹಾಗಾಗಿ ವರದಿ ನೆಗೆಟಿವ್ ಬಂದರೆ ಅವಳು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ಹೋದ ಜೀವ ಬಂದಂತಾಗಿ ಆಚೆಯವರು ಅಲ್ಲೇ ಗೋಡೆಗೊರಗುತ್ತಿದ್ದರು. ವರದಿ ಬರುವವರೆಗೆ ಮಕ್ಕಳನ್ನಿಡುವ ಒಂಟಿ ಕೋಣೆಗಳಿದ್ದದ್ದು ನಾಲ್ಕೇ ನಾಲ್ಕು. ನೆಗೆಟಿವ್ ಆದ ಮಕ್ಕಳನ್ನು ಕೂಡಲೇ ದೊಡ್ಡ ಹಾಲಿಗೆ ಸಾಗಿಸುವುದು ಪದ್ಧತಿ. ಅಲ್ಲಿ ಮಂಚಕ್ಕೆ ಮಂಚ ತಾಗಿಕೊಂಡಿತ್ತು.

ಅವಳ ತಂಗಿಯ ಐದು ತಿಂಗಳ ಕೂಸಿಗೆ ಮೂತ್ರದ ಸೋಂಕಾಗಿ ಜ್ವರ ಬಂತು. ಒಂದು ವಾರ ಇಂಜೆಕ್ಷನ್ ಕೊಟ್ಟರೆ ವಾಸಿಯಾಗುವಂಥದ್ದು. ಕಡ್ಡಿ ಹಾಕಿದವಳು ಅವಳೇ. ನೆಗೆಟಿವ್ ಬಂದಾಗ ತಂಗಿಗೆ ಎರಡೂ ಹೆಬ್ಬೆರಳು ತೋರಿಸಿ, ಕೂಸನ್ನು ತಾನೇ ಎತ್ತಿಕೊಂಡು ಹೋಗಿ ಕಿಟಕಿ ಪಕ್ಕದ ಒಳ್ಳೆಯ ಮಂಚ ಆರಿಸಿ ಮಲಗಿಸಿದಳು. ಪಕ್ಕದ ಮಗು ಮೂಗು ಸುರಿಸುತ್ತ ಗೊರಗೊರ ಉಸಿರಾಡುತ್ತಿತ್ತು. ಅದೂ ನೆಗೆಟಿವ್ವೇ. ಬರೀ ನೆಗಡಿ ಎಂದುಕೊಂಡಳು. ಎಳೆಗೂಸುಗಳ ಎದೆ ಕಟ್ಟಿಸುವ ಹಳೆಯ ವೈರಸ್ಸುಗಳು ಎಲ್ಲಿಗೂ ಹೋಗಿರಲಿಲ್ಲ, ಅವನ್ನು ಹುಡುಕುವ ಪರೀಕ್ಷೆ ಮಾತ್ರ ನಿಂತುಹೋಗಿತ್ತು. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ವರ್ಷವಿಡೀ ಒಂದೇ ರೋಗಕ್ಕೆ ಹೆದರಿ ಹೆದರಿ ಉಳಿದದ್ದನ್ನೆಲ್ಲ ಮರೆತಿದ್ದಳು.

ಐದನೇ ದಿನ ಕೂಸಿಗೆ ನೆಗಡಿಯಾಯಿತು. ಮರುದಿನ ಉಸಿರೆಳೆದಾಗೆಲ್ಲ ಪಕ್ಕೆ ಒಳಕ್ಕೆ ಹೋಗತೊಡಗಿತು.

"ಸಿಸ್ಟರ್, ಇದು ಆ ದೊಡ್ಡ ಹಾಲಲ್ಲೇ ಅಂಟಿದ್ದು" ಎಂದರು ಡಾಕ್ಟರು. ಆಕ್ಸಿಜನ್ ಕೊಟ್ಟರು, ಗಂಟಲಿಗೆ ಕೊಳವೆ ಹಾಕಿದರು. ಒಂಬತ್ತನೇ ದಿನ ಮಧ್ಯಾಹ್ನ ಕೂಸು ತೀರಿಕೊಂಡಿತು.

ಅವಳು ಗಾಜಿನ ಬಾಗಿಲು ತೆರೆದು ಆಚೆ ಹೋದಳು.

"ನೆಗೆಟಿವ್ ಅಂದಿದ್ದೆಯಲ್ಲಕ್ಕ" ಎಂದಳು ತಂಗಿ.

"ಹೌದು ಕಣೆ."

"ಎರಡು ಕೈಯಲ್ಲೂ ತೋರಿಸಿದ್ದೆ. ಮತ್ತೆ ಯಾವುದರಿಂದ ಹೋಯ್ತು ನನ್ನ ಕೂಸು?"

"ನೆಗಡಿಯಿಂದ. ಆ ಮಂಚ ಆರಿಸಿದ್ದು ನಾನೇ."

ಅವಳು ಹಿಡಿದ ಕೈಯನ್ನು ತಂಗಿ ಮೆಲ್ಲಗೆ ಬಿಡಿಸಿಕೊಂಡಳು.

ಕೂಸು ಹೋದ ಮೂರನೇ ದಿನ ಅಕ್ಕ ಕೆಲಸಕ್ಕೆ ಬಂದಳು, ವಾರ್ಡಿಗೆ ಬೇರೆ ನರ್ಸು ಯಾರೂ ಇರಲಿಲ್ಲ. ಬಂದವಳೇ ಡಾಕ್ಟರ ಮುಂದೆ ನಿಂತಳು. "ಇದೊಂದು ಪರೀಕ್ಷೆ ನಂಬಿ ಮಕ್ಕಳನ್ನ ಹಾಲಿಗೆ ಹಾಕೋದು ಬೇಡ ಸರ್."

"ಮತ್ತೆ ಎಲ್ಲಿ ಹಾಕೋಣ, ನೀವೇ ಹೇಳಿ" ಎಂದರು ಅವರು. ಅಣಕವಿರಲಿಲ್ಲ. ಅವರ ಕಣ್ಣೂ ಕೆಂಪಾಗಿತ್ತು.

ಒಂಟಿ ಕೋಣೆಯಲ್ಲಿದ್ದ ಇನ್ನೊಂದು ಮಗುವಿನ ವರದಿ ಬಂತು, ನೆಗೆಟಿವ್. ಗಾಜಿಗೆ ಅಂಗೈಯೂರಿ ನಿಂತಿದ್ದ ಅದರ ಅಪ್ಪ ಅವಳ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದ. ಅವಳು ಹೆಬ್ಬೆರಳು ಎತ್ತಿದಳು. ಅವನು ನಗುತ್ತ ಗೋಡೆಗೊರಗಿದ.

ಮಗುವನ್ನು ಎತ್ತಿಕೊಂಡು ಹಾಲಿಗೆ ನಡೆದಳು. ಅಲ್ಲಿ ಖಾಲಿ ಇದ್ದದ್ದು ಕಿಟಕಿ ಪಕ್ಕದ ಮಂಚವೊಂದೇ.